ಸಂಶೋಧನಾ ಗುಂಪಿನ ಶೇರ್ಡ್ ಫೋಲ್ಡರ್: ಏನು ಹಾಕಬಹುದು, ಏನು ಹಾಕಬಾರದು?

ಹೊಸಲ್ಯಾಬು

ನಮಸ್ಕಾರ. ನಮ್ಮ ಸಂಶೋಧನಾ ಗುಂಪಿಗೆ ಒಂದು ಶೇರ್ಡ್ ಫೋಲ್ಡರ್ ಮಾಡುವ ಕೆಲಸ ನನ್ನ ಹೆಗಲಿಗೆ ಬಿದ್ದಿದೆ. ಹೊಸದಾಗಿ ಸೇರಿದವರು ಓದಬೇಕಾದ ಪೇಪರ್‌ಗಳು, ಪಠ್ಯಪುಸ್ತಕದ ಒಂದೆರಡು ಅಧ್ಯಾಯ, ಹಿಂದಿನವರ ಥೀಸಿಸ್‌ಗಳು, ಸ್ಲೈಡ್‌ಗಳು, ನಾವು ಬಳಸುವ ಪ್ರಶ್ನಾವಳಿ, ಒಂದಿಷ್ಟು ಕೋಡ್. ಎಲ್ಲಾ ಒಂದೇ ಕಡೆ ಸಿಗಬೇಕು ಅಂತ ಗೈಡ್ ಹೇಳಿದ್ದಾರೆ.

ತೊಡಕು ಏನಪ್ಪಾ ಅಂದ್ರೆ, ಗುಂಪಿನಲ್ಲಿ ನಮ್ಮ ಸಂಸ್ಥೆಯವರು ಮಾತ್ರ ಇಲ್ಲ. ಬೇರೆ ಸಂಸ್ಥೆಯವರು ಇದ್ದಾರೆ, ಒಬ್ಬರು ಕಂಪನಿಯವರು. ಕಾಪಿರೈಟ್ ಕಥೆ ಏನು ಅಂತ ನೋಡೋಣ ಎಂದು ಸಂಸ್ಥೆಯ ನಿಯಮಾವಳಿ ತೆಗೆದೆ. "ಸಂಬಂಧಪಟ್ಟ ಕಾನೂನಿಗೆ ಬದ್ಧರಾಗಿರತಕ್ಕದ್ದು" ಅಂತ ಒಂದು ಸಾಲು. ಅದರಿಂದ ನನಗೆ ತಿಳಿದದ್ದು ಸೊನ್ನೆ. ಫೋಲ್ಡರ್‌ಗೆ ಪಾಸ್‌ವರ್ಡ್ ಹಾಕಿದರೆ ಸಾಕಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ನಡೀತದೆಬಿಡಿ

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಎಲ್ಲಾ ಲ್ಯಾಬ್‌ನಲ್ಲೂ ಇಂಥ ಫೋಲ್ಡರ್ ಇದೆ. ಹತ್ತು ಜನ ಪೇಪರ್ ಓದಿದರೆ ಯಾವ ಪ್ರಕಾಶಕರು ಬಂದು ಬಾಗಿಲು ತಟ್ಟುತ್ತಾರೆ? ಬರೆಯುವವರು ನಾವು, ರಿವ್ಯೂ ಮಾಡುವವರು ನಾವು, ಕೊನೆಗೆ ದುಡ್ಡು ಕೊಟ್ಟು ಓದುವವರೂ ನಾವೇ. ಸುಮ್ನೆ ಹಾಕಿ.

ಕಪಾಟುಕೀಲಿ

ಲೈಬ್ರರಿಯಲ್ಲಿ ಇ-ಜರ್ನಲ್‌ಗಳನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಯಾರೂ ಬಾಗಿಲು ತಟ್ಟುವುದಿಲ್ಲ, ಅದು ನಿಜ. ನಮಗೆ ಬರುವುದು ಒಂದು ಇಮೇಲ್. "ನಿಮ್ಮ ಇಂಥ ಐಪಿ ವಿಳಾಸದಿಂದ ಸಾಲುಸಾಲಾಗಿ ಪಿಡಿಎಫ್ ಇಳಿಯುತ್ತಿವೆ, ಪ್ರವೇಶ ತಡೆದಿದ್ದೇವೆ, ಯಾರು ಅಂತ ಪತ್ತೆ ಮಾಡಿ ತಿಳಿಸಿ." ಯಾರೋ ಒಬ್ಬರು ಓದಲು ಅನುಕೂಲ ಆಗಲಿ ಅಂತ ಸ್ಕ್ರಿಪ್ಟ್ ಬರೆದು ಒಂದು ಜರ್ನಲ್‌ನ ಹಳೇ ಸಂಚಿಕೆಗಳನ್ನೆಲ್ಲ ಬಾಚಿರುತ್ತಾರೆ. ಬೀಗ ಬೀಳುವುದು ಇಡೀ ಸಂಸ್ಥೆಗೆ. 2010ರ ಅಕ್ಟೋಬರ್‌ನಲ್ಲಿ ಹೀಗೆ ಸಾಮೂಹಿಕವಾಗಿ ಲೇಖನ ಇಳಿಸಿದ ಕಾರಣಕ್ಕೆ ಜೆಸ್ಟೋರ್ ಅನ್ನುವ ಜರ್ನಲ್ ಭಂಡಾರ ಕೆಲವು ದಿನ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರವೇಶವನ್ನೇ ನಿಲ್ಲಿಸಿತ್ತು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾದರೆ ಉಳಿದವರ ಪಾಡು ಕೇಳಬೇಕಾ?

ಇಲ್ಲಿ ಎರಡು ಪದರ ಇದೆ. ಒಂದು ಕಾಪಿರೈಟ್ ಕಾನೂನು. ಇನ್ನೊಂದು, ಲೈಬ್ರರಿ ಪ್ರಕಾಶಕರ ಜೊತೆ ಸಹಿ ಮಾಡಿದ ಲೈಸೆನ್ಸ್ ಒಪ್ಪಂದ. ಜನ ವಾದ ಮಾಡುವುದು ಮೊದಲನೆಯದರ ಮೇಲೆ. ದಿನಾ ಕೈ ಕಟ್ಟುವುದು ಎರಡನೆಯದು. ಒಪ್ಪಂದದಲ್ಲಿ "ಅಧಿಕೃತ ಬಳಕೆದಾರರು" ಯಾರು ಅಂತ ಬರೆದಿರುತ್ತದೆ. ಸಂಸ್ಥೆಯ ನೌಕರರು, ವಿದ್ಯಾರ್ಥಿಗಳು, ಸಾಮಾನ್ಯವಾಗಿ ಲೈಬ್ರರಿಗೇ ಬಂದು ಕುಳಿತು ಓದುವ ಹೊರಗಿನವರು. ನಿಮ್ಮ ಬೇರೆ ಸಂಸ್ಥೆಯ ಸಹಯೋಗಿಗಳು ಆ ಪಟ್ಟಿಯಲ್ಲಿ ಬರುವುದಿಲ್ಲ. ಕಂಪನಿಯವರಂತೂ ಇಲ್ಲವೇ ಇಲ್ಲ. ಪಾಸ್‌ವರ್ಡ್ ಹಾಕಿದರೆ ದಾರಿಹೋಕರು ಒಳಗೆ ಬರುವುದಿಲ್ಲ, ಸರಿ. ಆದರೆ ಪಾಸ್‌ವರ್ಡ್ ಸಿಕ್ಕವರೇ ಅಧಿಕೃತರಲ್ಲದಿದ್ದರೆ?

ಕೆಲವು ಒಪ್ಪಂದಗಳು ಸಹೋದ್ಯೋಗಿಗೆ ಒಂದು ಲೇಖನ ಕಳಿಸಲು ಬಿಡುತ್ತವೆ. ಒಬ್ಬರು ಕೇಳಿದರು, ನೀವು ಮೇಲ್ ಮಾಡಿದಿರಿ, ಮುಗಿಯಿತು. ಆದರೆ ಫೋಲ್ಡರ್‌ನಲ್ಲಿ ಕೂಡಿಟ್ಟು ಎಲ್ಲರಿಗೂ ತೆರೆದಿಡುವುದು ಬೇರೆಯೇ ಕೆಲಸ. ಅದನ್ನು ಹೆಚ್ಚಿನ ಒಪ್ಪಂದಗಳು ಒಪ್ಪುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಫೈಲ್ ಬೇಡ, ಲಿಂಕ್ ಹಾಕಿ. ಡಿಒಐ (ಪ್ರತಿ ಲೇಖನಕ್ಕೂ ಕೊಡುವ ಶಾಶ್ವತ ಗುರುತು ಸಂಖ್ಯೆ) ಲಿಂಕ್ ಹಾಕಿದರೆ ಪ್ರತಿಯೊಬ್ಬರೂ ಅವರವರ ಸಂಸ್ಥೆಯ ಚಂದಾ ಮೂಲಕ ಒಳಗೆ ಹೋಗುತ್ತಾರೆ. ಇನ್ನೊಂದು ಗುಟ್ಟು ಹೇಳುತ್ತೇನೆ. ಯಾವ ಜರ್ನಲ್ ಎಷ್ಟು ಓದಲ್ಪಟ್ಟಿತು ಅನ್ನುವ ಲೆಕ್ಕ ನಮಗೆ ಕೌಂಟರ್ ಅನ್ನುವ ಬಳಕೆ ವರದಿಗಳಲ್ಲಿ ಬರುತ್ತದೆ. ಚಂದಾ ಮುಂದುವರಿಸಬೇಕೋ ಬೇಡವೋ ಅಂತ ಕೂತಾಗ ನಾವು ಮೊದಲು ನೋಡುವುದು ಅದನ್ನೇ. ಒಬ್ಬರು ಇಳಿಸಿ ಇಪ್ಪತ್ತು ಜನ ಫೋಲ್ಡರ್‌ನಿಂದ ಓದಿದರೆ ಲೆಕ್ಕದಲ್ಲಿ ಕಾಣುವುದು ಒಂದು. ನಿಮಗೆ ತುಂಬಾ ಬೇಕಾದ ಜರ್ನಲ್ಲೇ "ಯಾರೂ ಓದುತ್ತಿಲ್ಲ" ಅಂತ ಕೈಬಿಟ್ಟು ಹೋಗುತ್ತದೆ.

ನಡೀತದೆಬಿಡಿ

ಕೌಂಟರ್ ವಿಷಯ ನನಗೆ ಗೊತ್ತಿರಲಿಲ್ಲ. ಆದ್ರೂ ಒಂದು ಕೇಳ್ತೀನಿ. ಸಂಶೋಧನೆಗೆ ಕಾನೂನಿನಲ್ಲೇ ವಿನಾಯಿತಿ ಇದೆ ಅಲ್ವಾ? ನ್ಯಾಯಯುತ ಬಳಕೆ ಅಂತ. ನಾವು ಮಾಡುವುದೂ ಸಂಶೋಧನೆಯೇ ತಾನೇ?

ಕಲಂಕಾರ

ವಿನಾಯಿತಿ ಇದೆ. ಆದರೆ "ಸಂಶೋಧನೆ" ಅಂದ ತಕ್ಷಣ ತೆರೆಯುವ ಬಾಗಿಲಲ್ಲ ಅದು.

ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಅಮೆರಿಕದ 1976ರ ಕಾಯ್ದೆಯ 107ನೇ ಸೆಕ್ಷನ್ ನಾಲ್ಕು ಅಂಶ ತೂಗಿ ನೋಡು ಅನ್ನುತ್ತದೆ: ಉದ್ದೇಶ ಏನು, ಕೃತಿ ಎಂಥದ್ದು, ಎಷ್ಟು ಭಾಗ ತೆಗೆದುಕೊಂಡಿರಿ, ಮಾರುಕಟ್ಟೆಗೆ ಏನು ಪೆಟ್ಟು. ಬ್ರಿಟನ್ನಿನ ಕಾನೂನು ವಾಣಿಜ್ಯ ಉದ್ದೇಶ ಇಲ್ಲದ ಸಂಶೋಧನೆಗೆ ಮಾತ್ರ ಬಿಡುತ್ತದೆ. ಭಾರತದ 1957ರ ಕಾಯ್ದೆಯ 52ನೇ ಸೆಕ್ಷನ್ "ಸಂಶೋಧನೆಯೂ ಸೇರಿದಂತೆ ಖಾಸಗಿ ಅಥವಾ ವೈಯಕ್ತಿಕ ಬಳಕೆ" ಅನ್ನುತ್ತದೆ. ಅಂದರೆ ನಿಮ್ಮ ಓದಿಗೆ ನೀವು ಒಂದು ಪ್ರತಿ ಮಾಡಿಟ್ಟುಕೊಳ್ಳುವುದು ಈ ನೆರಳಿನಲ್ಲಿ ಬರುತ್ತದೆ. ಇಡೀ ಗುಂಪಿಗೆ ಹಂಚುವ ಭಂಡಾರ ವೈಯಕ್ತಿಕ ಅಂತ ವಾದಿಸುವುದು ಕಷ್ಟ.

ಸಂಶೋಧಕರೆಲ್ಲ ಒಮ್ಮೆ ಓದಬೇಕಾದ ಪ್ರಕರಣ ಒಂದಿದೆ. ಟೆಕ್ಸಾಕೋ ಕಂಪನಿಯ ಮೇಲೆ ಜರ್ನಲ್ ಪ್ರಕಾಶಕರು ಹಾಕಿದ್ದು, ಮೇಲ್ಮನವಿ ನ್ಯಾಯಾಲಯದ ತೀರ್ಪು 1994ರದ್ದು. ಆ ಕಂಪನಿಯ ವಿಜ್ಞಾನಿಗಳು ಲೈಬ್ರರಿಗೆ ಬಂದ ಜರ್ನಲ್‌ನಿಂದ ಲೇಖನಗಳ ಜೆರಾಕ್ಸ್ ಮಾಡಿಸಿ ತಮ್ಮ ಕಡತದಲ್ಲಿ ಇಟ್ಟುಕೊಳ್ಳುತ್ತಿದ್ದರು. ವಿಚಾರಣೆಗೆ ಮಾದರಿಯಾಗಿ ಒಬ್ಬ ವಿಜ್ಞಾನಿಯ ಕಡತ ತೆಗೆದುಕೊಂಡರು. ವೇಗವರ್ಧಕಗಳ ಬಗೆಗಿನ ಒಂದೇ ಜರ್ನಲ್‌ನ 8 ಲೇಖನಗಳು. ಅಷ್ಟೇ! ಮುಂದೆ ಯಾವಾಗಲಾದರೂ ಬೇಕಾಗಬಹುದು ಅಂತ ಎತ್ತಿಟ್ಟದ್ದು. ನ್ಯಾಯಯುತ ಬಳಕೆ ಅಲ್ಲ ಅಂತ ಕೋರ್ಟ್ ಹೇಳಿತು. ಮುಖ್ಯ ಕಾರಣಗಳಲ್ಲೊಂದು ಏನು ಗೊತ್ತಾ? ಕಾಪಿರೈಟ್ ಕ್ಲಿಯರೆನ್ಸ್ ಸೆಂಟರ್ ಅನ್ನುವ ಸಂಸ್ಥೆ ಮೂಲಕ ಶುಲ್ಕ ಕೊಟ್ಟು ಅನುಮತಿ ಪಡೆಯುವ ದಾರಿ ಆಗಲೇ ಇತ್ತು. ದಾರಿ ಇದ್ದೂ ಹೋಗಲಿಲ್ಲ ಅನ್ನುವುದು ತೂಕಕ್ಕೆ ಬಂತು.

ಇನ್ನೊಂದು ಕಡೆಯ ಉದಾಹರಣೆ ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿ ಪ್ರಕರಣ. ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶಕರು 2012ರಲ್ಲಿ ದಾವೆ ಹೂಡಿದರು. ಪುಸ್ತಕದ ಅಧ್ಯಾಯಗಳನ್ನು ಸೇರಿಸಿ ಮಾಡಿದ ಕೋರ್ಸ್ ಪ್ಯಾಕ್ ಬಗ್ಗೆ. 2016ರಲ್ಲಿ ದೆಹಲಿ ಹೈಕೋರ್ಟ್, ಬೋಧನೆಯ ಭಾಗವಾಗಿ ಬೇಕಾದಷ್ಟು ನಕಲು ಮಾಡಲು ಕಾಯ್ದೆಯಲ್ಲೇ ಅವಕಾಶ ಇದೆ ಅಂದಿತು. 2017ರಲ್ಲಿ ಪ್ರಕಾಶಕರು ದಾವೆ ಹಿಂದಕ್ಕೆ ಪಡೆದರು. ಆದರೆ ಅದು ನಿಂತದ್ದು ಗುರು ಮತ್ತು ವಿದ್ಯಾರ್ಥಿಯ ನಡುವಿನ ಪಾಠದ ಮೇಲೆ. ನಿಮ್ಮ ಫೋಲ್ಡರ್‌ನಲ್ಲಿ ಕಂಪನಿಯವರು ಬಂದು ಕೂತ ತಕ್ಷಣ ಕಥೆ ಬದಲಾಗುತ್ತದೆ. ಹೊಸಲ್ಯಾಬು ಅವರೇ, ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಆ ಒಂದು ಪದ. ಪಠ್ಯಪುಸ್ತಕದ ಅಧ್ಯಾಯಗಳನ್ನು ಕಂಪನಿಯವರಿಗೆ ಕಾಣುವ ಕಡೆ ಇಡಬೇಡಿ.

ಹಳೇಮೇಷ್ಟ್ರು

ನಾವೇ ಬರೆದ ಪೇಪರ್ ಬಗ್ಗೆ ಯಾರೂ ಹೇಳಲಿಲ್ಲ. ಜಾಸ್ತಿ ಗೊಂದಲ ಇರುವುದೇ ಅಲ್ಲಿ.

ನಾನು ಬರೆದದ್ದು, ನನ್ನ ಹೆಸರಿದೆ, ನನ್ನ ಇಷ್ಟ ಬಂದ ಕಡೆ ಹಾಕುತ್ತೇನೆ ಅಂತ ಬಹಳ ಜನ ತಿಳಿದಿದ್ದಾರೆ. ಪೇಪರ್ ಒಪ್ಪಿಗೆ ಆದಾಗ ಒಂದು ಫಾರ್ಮ್ ಬರುತ್ತದೆ. ಸಂಭ್ರಮದಲ್ಲಿ ಯಾರೂ ಓದುವುದಿಲ್ಲ, ಕೊನೆಯಲ್ಲಿ ಟಿಕ್ ಹಾಕಿ ಕಳಿಸುತ್ತಾರೆ. ಹಕ್ಕು ಕೈ ಬದಲಾಗುವುದು ಆ ಟಿಕ್‌ನಲ್ಲಿ.

ಒಂದೇ ಪೇಪರ್‌ಗೆ ಮೂರು ರೂಪ ಇರುತ್ತದೆ ಅಂತ ನೆನಪಿಡಿ. ಜರ್ನಲ್‌ಗೆ ಕಳಿಸುವ ಮುಂಚಿನದು ಪ್ರಿಪ್ರಿಂಟ್. ರಿವ್ಯೂ ಆಗಿ, ತಿದ್ದಿ, ಒಪ್ಪಿಗೆ ಆದ ನಿಮ್ಮ ವರ್ಡ್ ಅಥವಾ ಲೇಟೆಕ್ ಪ್ರತಿ ಅಂಗೀಕೃತ ಹಸ್ತಪ್ರತಿ. ಪ್ರಕಾಶಕರು ಪುಟ ಕಟ್ಟಿ, ಲೋಗೋ ಹಾಕಿ, ಪುಟಸಂಖ್ಯೆ ಕೊಟ್ಟದ್ದು ಅಂತಿಮ ರೂಪ. ಪ್ರಿಪ್ರಿಂಟ್ ಎಲ್ಲಿ ಬೇಕಾದರೂ ಹಾಕಲು ಬಹಳ ಜರ್ನಲ್‌ಗಳ ತಕರಾರಿಲ್ಲ. ಭೌತಶಾಸ್ತ್ರದವರು 1991ರಿಂದ ಆರ್‌ಕೈವ್ ಅನ್ನುವ ಪ್ರಿಪ್ರಿಂಟ್ ತಾಣದಲ್ಲಿ ಅದನ್ನೇ ಮಾಡುತ್ತಿದ್ದಾರೆ. ಅಂಗೀಕೃತ ಹಸ್ತಪ್ರತಿಯನ್ನು ಸಂಸ್ಥೆಯ ರೆಪಾಸಿಟರಿಯಲ್ಲಿ (ಸಂಸ್ಥೆಯವರ ಬರಹಗಳನ್ನು ಕೂಡಿಡುವ ಆನ್‌ಲೈನ್ ಸಂಗ್ರಹ) ಇಡಲು ಅನೇಕರು ಬಿಡುತ್ತಾರೆ, ಆದರೆ ಆರು ತಿಂಗಳೋ ವರ್ಷವೋ ಕಾಯಿಸುತ್ತಾರೆ. ಅಂತಿಮ ರೂಪ ಮುಕ್ತವಾಗಿ ಪ್ರಕಟವಾಗಿದ್ದರೆ ಸರಿ, ಇಲ್ಲದಿದ್ದರೆ ಮುಟ್ಟಬೇಡಿ. ಯಾವ ಜರ್ನಲ್ ಏನು ಬಿಡುತ್ತದೆ ಅಂತ ಹೆಸರು ಹಾಕಿ ಹುಡುಕಲು ಶೆರ್ಪಾ ರೋಮಿಯೋ ಅನ್ನುವ ಪಟ್ಟಿ ಬಹಳ ಕಾಲ ಇತ್ತು, ಈಗ ಅದರ ಜಾಗದಲ್ಲಿ ಓಪನ್ ಪಾಲಿಸಿ ಫೈಂಡರ್ ಇದೆ.

ಅಂತಿಮ ಪಿಡಿಎಫ್ ಅನ್ನೇ ಎಲ್ಲೆಂದರಲ್ಲಿ ಹಾಕಿ ಪೇಚಾಡಿದ ಇತಿಹಾಸವೂ ಇದೆ. 2013ರಲ್ಲಿ ಎಲ್ಸೆವಿಯರ್ ಪ್ರಕಾಶನ ಸಂಸ್ಥೆ, ಸಂಶೋಧಕರು ಪೇಪರ್ ಹಂಚಿಕೊಳ್ಳುವ ಅಕಾಡೆಮಿಯಾ ತಾಣಕ್ಕೆ ಸಾವಿರಾರು ತೆಗೆದುಹಾಕುವ ನೋಟಿಸ್ ಕಳಿಸಿತು. 2017ರಲ್ಲಿ ಎಲ್ಸೆವಿಯರ್ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ ಸೇರಿ ಅಂಥದ್ದೇ ತಾಣ ರಿಸರ್ಚ್‌ಗೇಟ್ ಮೇಲೆ ಮ್ಯೂನಿಕ್‌ನಲ್ಲಿ ಕೇಸು ಹಾಕಿದವು. ರಾಜಿ ಆದದ್ದು 2023ರಲ್ಲಿ.

ಎಲ್ಲವೂ ಪ್ರಕಾಶಕರ ಪರವೇ ಇಲ್ಲ ಅನ್ನುವುದನ್ನೂ ಹೇಳಬೇಕು. ಜರ್ಮನಿಯಲ್ಲಿ 2014ರಿಂದ ಒಂದು ನಿಯಮ ಇದೆ. ಅರ್ಧಕ್ಕಿಂತ ಕಡಿಮೆಯಿಲ್ಲದಷ್ಟು ಸಾರ್ವಜನಿಕ ಹಣದಿಂದ ನಡೆದ ಸಂಶೋಧನೆಯ ಲೇಖನವನ್ನು 12 ತಿಂಗಳ ನಂತರ ಲೇಖಕರು ಅಂಗೀಕೃತ ರೂಪದಲ್ಲಿ ಮುಕ್ತವಾಗಿ ಹಾಕಬಹುದು. ಪ್ರಕಾಶಕರ ಒಪ್ಪಂದ ಏನೇ ಅನ್ನಲಿ, ಈ ಹಕ್ಕು ಹೋಗುವುದಿಲ್ಲ. ಹಾರ್ವರ್ಡ್‌ನ ಕಲೆ ಮತ್ತು ವಿಜ್ಞಾನ ವಿಭಾಗದ ಅಧ್ಯಾಪಕರು 2008ರಲ್ಲಿ ಇನ್ನೂ ಜಾಣತನ ಮಾಡಿದರು. ಜರ್ನಲ್‌ಗೆ ಸಹಿ ಹಾಕುವ ಮುಂಚೆಯೇ ತಮ್ಮ ಲೇಖನಗಳನ್ನು ಹಂಚುವ ಅನುಮತಿಯನ್ನು ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟರು. ನಿಮ್ಮ ಸಂಸ್ಥೆಯಲ್ಲಿ ಇಂಥ ನೀತಿ ಇದೆಯಾ ಅಂತ ಕೇಳಿ. ಇದ್ದರೂ ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ಹೊಸಲ್ಯಾಬು

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಒಂದು ಪಿಡಿಎಫ್ ಕೈಗೆ ಬಂದಾಗ ಅದು ಯಾವ ರೂಪ, ಹಂಚಬಹುದಾ ಅಂತ ಬೇಗ ಹೇಗೆ ಗುರುತಿಸುವುದು? ಫೋಲ್ಡರ್‌ಗೆ ಹಾಕಬೇಕೆಂದು ಕೊಟ್ಟ ಪಟ್ಟಿ ಉದ್ದ ಇದೆ.

ಕಪಾಟುಕೀಲಿ

ಮೊದಲ ಪುಟದ ತಳ ನೋಡಿ. ಅಲ್ಲಿ ಸಣ್ಣ ಅಕ್ಷರದಲ್ಲಿ ವೃತ್ತದೊಳಗಿನ ಸಿ, ವರ್ಷ, ಒಂದು ಹೆಸರು ಇರುತ್ತದೆ. ಹೆಸರು ಪ್ರಕಾಶಕರದ್ದಾಗಿ "ಎಲ್ಲಾ ಹಕ್ಕುಗಳನ್ನು ಕಾದಿರಿಸಿದೆ" ಅಂತಿದ್ದರೆ ಲಿಂಕ್ ಮಾತ್ರ. "ಲೇಖಕರು" ಅಂತಿದ್ದು ಪಕ್ಕದಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ (ಹಂಚಲು ಮೊದಲೇ ಅನುಮತಿ ಕೊಡುವ ಲೈಸೆನ್ಸ್) ಹೆಸರು ಇದ್ದರೆ ಫೈಲೇ ಹಾಕಬಹುದು. ಬರೀ ಲೇಖಕರ ಹೆಸರಿದ್ದು ಲೈಸೆನ್ಸ್ ಸಾಲು ಇಲ್ಲದಿದ್ದರೆ ಹಾಕಲು ಹೋಗಬೇಡಿ. ಓದಲು ಉಚಿತ ಅನ್ನುವುದಕ್ಕೂ ಹಂಚಲು ಮುಕ್ತ ಅನ್ನುವುದಕ್ಕೂ ಅಜಗಜಾಂತರ.

ಇನ್ನು ಅಂಚಿನಲ್ಲಿ ಅಡ್ಡಕ್ಕೆ ಓಡುವ ಒಂದು ಸಾಲು ಕಣ್ಣಿಗೆ ಬಿದ್ದಿದೆಯಾ? "ಇಂಥ ಸಂಸ್ಥೆಯಿಂದ ಇಂಥ ದಿನ ಇಳಿಸಿದ್ದು" ಅಂತ. ಆ ಪ್ರತಿ ಎಲ್ಲಿಂದ ಸೋರಿತು ಅಂತ ಅದೇ ಹೇಳುತ್ತದೆ. ಬೇರೆ ಸಂಸ್ಥೆಯ ಹೆಸರಿರುವ ಪಿಡಿಎಫ್ ನಿಮ್ಮ ಫೋಲ್ಡರ್‌ನಲ್ಲಿ ಇದ್ದರೆ ಇಬ್ಬರಿಗೂ ಮುಜುಗರ.

ಕೋಡಿಗ

ಕ್ರಿಯೇಟಿವ್ ಕಾಮನ್ಸ್ ಅಂದ ತಕ್ಷಣ ಎಲ್ಲಾ ಒಂದೇ ಅಲ್ಲ. ಸಿಸಿ ಬೈ ಇದ್ದರೆ ಹೆಸರು ಹೇಳಿ ಏನು ಬೇಕಾದರೂ ಮಾಡಿ. ಎನ್‌ಸಿ ಸೇರಿದ್ದರೆ ವಾಣಿಜ್ಯ ಬಳಕೆ ಇಲ್ಲ, ನಿಮ್ಮ ಕಂಪನಿಯವರು ಇಲ್ಲೂ ಅಡ್ಡ ಬರುತ್ತಾರೆ. ಎನ್‌ಡಿ ಇದ್ದರೆ ಬದಲಾಯಿಸಿದ್ದನ್ನು ಹಂಚುವಂತಿಲ್ಲ, ಅನುವಾದವನ್ನೂ.

ಕೋಡ್ ವಿಷಯ. ಕೋಡ್ ಹಂಚುವ ಗಿಟ್‌ಹಬ್ ತಾಣದಲ್ಲಿ ಎಲ್ಲರಿಗೂ ಕಾಣುತ್ತಿದೆ ಅಂದ ಮಾತ್ರಕ್ಕೆ ಮುಕ್ತ ಅಲ್ಲ. ಲೈಸೆನ್ಸ್ ಫೈಲ್ ಇಲ್ಲದಿದ್ದರೆ ಎಲ್ಲಾ ಹಕ್ಕೂ ಬರೆದವರದ್ದೇ. 1886ರ ಬರ್ನ್ ಒಪ್ಪಂದದ ವ್ಯವಸ್ಥೆಯಲ್ಲಿ ಕಾಪಿರೈಟ್ ತಾನಾಗಿಯೇ ಹುಟ್ಟುತ್ತದೆ, ನೋಂದಣಿ ಬೇಕಿಲ್ಲ, ಚಿಹ್ನೆಯೂ ಬೇಕಿಲ್ಲ. ಹಿಂದಿನ ವಿದ್ಯಾರ್ಥಿ ಬರೆದ ಸ್ಕ್ರಿಪ್ಟ್‌ಗೂ ಇದು ಅನ್ವಯ. ಅವರು ಸಂಸ್ಥೆ ಬಿಡುವ ಮುಂಚೆ ಎಂಐಟಿ, ಜಿಪಿಎಲ್ ಥರದ ಒಂದು ಮುಕ್ತ ಲೈಸೆನ್ಸ್ ಹಾಕಿಸಿಕೊಳ್ಳಿ. ಹೋದಮೇಲೆ ಮೇಲ್‌ಗೆ ಉತ್ತರ ಬರುವುದಿಲ್ಲ. ಸ್ಟ್ಯಾಕ್ ಓವರ್‌ಫ್ಲೋ ಅನ್ನುವ ಕೋಡ್ ಪ್ರಶ್ನೋತ್ತರ ತಾಣದಿಂದ ಎತ್ತಿದ ತುಣುಕು ಇದ್ದರೆ ಅದು ಸಿಸಿ ಬೈ-ಎಸ್‌ಎ, ಮೂಲ ಹೇಳಲೇಬೇಕು, ಬದಲಾಯಿಸಿ ಹಂಚಿದರೆ ಅದೇ ಲೈಸೆನ್ಸ್ ಹಾಕಬೇಕು.

ಡೇಟಾ ಸ್ವಲ್ಪ ಹಗುರ. ಬರೀ ಅಂಕಿಸಂಖ್ಯೆಗೆ ಕಾಪಿರೈಟ್ ಇಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲೇ ಒಂದು ದೂರವಾಣಿ ಡೈರೆಕ್ಟರಿ ಕೇಸಿನಲ್ಲಿ ಹೇಳಿದೆ. ಆದರೆ ಯುರೋಪಿನಲ್ಲಿ ಡೇಟಾಬೇಸ್‌ಗೇ ಬೇರೆ ಹಕ್ಕು ಇದೆ, 15 ವರ್ಷ.

ಅಳತೆಗೋಲು

ಮೊದಲ ಪ್ರಶ್ನೆಯಲ್ಲಿ ಪ್ರಶ್ನಾವಳಿ ಅಂತ ಇದೆ. ಅದನ್ನು ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ, ಯಾಕಂದ್ರೆ ನಮ್ಮ ಕ್ಷೇತ್ರದಲ್ಲಿ ಜನ ಸಿಕ್ಕಿಬೀಳುವುದೇ ಇದರಲ್ಲಿ.

ಪೇಪರ್‌ನ ಅನುಬಂಧದಲ್ಲಿ ಪ್ರಶ್ನೆಗಳು ಅಚ್ಚಾಗಿವೆ, ಹಾಗಾಗಿ ಬಳಸಬಹುದು ಅಂತ ಅಂದುಕೊಳ್ಳುತ್ತೇವೆ. ನೆನಪಿನ ಶಕ್ತಿ ಪರೀಕ್ಷಿಸುವ ಎಂಎಂಎಸ್‌ಇ ನೋಡಿ. 1975ರಲ್ಲಿ ಒಂದು ಜರ್ನಲ್‌ನಲ್ಲಿ ಬಂತು. ವೈದ್ಯರು ದಶಕಗಳ ಕಾಲ ಜೆರಾಕ್ಸ್ ಮಾಡಿ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದರು. ಆಮೇಲೆ ಹಕ್ಕುದಾರರು ಒಂದು ಪರೀಕ್ಷಾ ಪ್ರಕಾಶನ ಕಂಪನಿಗೆ ಲೈಸೆನ್ಸ್ ಕೊಟ್ಟರು. ಈಗ ಅಧಿಕೃತ ನಮೂನೆಗೆ ದುಡ್ಡು. ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಾರಾ ಅಂತ ಅಳೆಯುವ ಮೊರಿಸ್ಕಿ ಮಾಪಕದ ಕಥೆ ಇನ್ನೂ ಕಹಿ. ಲೈಸೆನ್ಸ್ ಇಲ್ಲದೆ ಬಳಸಿದವರಿಗೆ ಶುಲ್ಕ ಕೇಳಿ ಪತ್ರ ಹೋಯಿತು, ಪೇಪರ್ ಹಿಂದಕ್ಕೆ ತೆಗೆದುಕೊಂಡವರೂ ಇದ್ದಾರೆ.

ನೀವು ಅದನ್ನು ಅನುವಾದ ಮಾಡಿ ಬಳಸುತ್ತಿದ್ದರೆ ಅನುವಾದಕ್ಕೂ ಅನುಮತಿ ಬೇಕು. ಡೇಟಾ ಸಂಗ್ರಹ ಶುರು ಮಾಡುವ ಮುಂಚೆ ಮಾಪಕದ ಲೇಖಕರಿಗೆ ಒಂದು ಮೇಲ್ ಹಾಕಿ. ಹೆಚ್ಚಿನವರು ಖುಷಿಯಿಂದ ಹೂಂ ಅನ್ನುತ್ತಾರೆ. ಆ ಉತ್ತರವನ್ನು ಪಿಡಿಎಫ್ ಮಾಡಿ ಪ್ರಶ್ನಾವಳಿ ಪಕ್ಕದಲ್ಲೇ ಇಡಿ.

ಕೊನೆಯವರ್ಷ

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನ ಥೀಸಿಸ್‌ನಲ್ಲಿ ಬೇರೆಯವರ ಪೇಪರ್‌ನಿಂದ ಚಿತ್ರಗಳಿವೆ. ಕೆಳಗೆ ಮೂಲ ಹಾಕಿದ್ದೇನೆ. ಸಾಕು ಅಲ್ವಾ?

ಕಲಂಕಾರ

ಸಾಲದು. ಮೂಲ ಹೇಳುವುದು ಕೃತಿಚೌರ್ಯ ಆಗದಂತೆ ಕಾಯುತ್ತದೆ, ಅನುಮತಿ ಕೊಡುವುದಿಲ್ಲ. ಇವೆರಡನ್ನೂ ಒಂದೇ ಅಂದುಕೊಂಡವರೇ ಜಾಸ್ತಿ.

ಜರ್ನಲ್ ಪುಟದಲ್ಲಿ "ಅನುಮತಿ ಪಡೆಯಿರಿ" ಅಂತ ಒಂದು ಕೊಂಡಿ ಇರುತ್ತದೆ, ಬಹಳ ಸಲ ಅದು ರೈಟ್ಸ್‌ಲಿಂಕ್ ಅನ್ನುವ ಅನುಮತಿ ಸೇವೆಗೆ ಹೋಗುತ್ತದೆ. ಥೀಸಿಸ್‌ಗೆ ಅಂತ ಆರಿಸಿದರೆ ಅನೇಕ ಪ್ರಕಾಶಕರು ಉಚಿತವಾಗಿಯೇ ಕೊಡುತ್ತಾರೆ. ಮುದ್ರಿತ ಪ್ರತಿಗಾ, ಆನ್‌ಲೈನ್‌ಗಾ ಅಂತ ಕೇಳಿದಾಗ ಎರಡೂ ಆರಿಸಿ, ಯಾಕಂದ್ರೆ ಥೀಸಿಸ್ ರೆಪಾಸಿಟರಿಗೆ ಹೋಗಿಯೇ ಹೋಗುತ್ತದೆ. ಇನ್ನೊಂದು ದಾರಿ, ಅವರ ಅಂಕಿಗಳನ್ನು ತೆಗೆದುಕೊಂಡು ನೀವೇ ಹೊಸ ಗ್ರಾಫ್ ಬರೆಯುವುದು. ಅಂಕಿ ಯಾರ ಸ್ವತ್ತೂ ಅಲ್ಲ, ಚಿತ್ರ ಸ್ವತ್ತು. ಆದರೆ ಅದೇ ಚಿತ್ರದ ಬಣ್ಣ ಬದಲಿಸಿ "ಆಧರಿಸಿದ್ದು" ಅಂತ ಬರೆದರೆ ತಪ್ಪಿಸಿಕೊಂಡಂತೆ ಆಗುವುದಿಲ್ಲ.

ನಿಮ್ಮದೇ ಪ್ರಕಟಿತ ಪೇಪರ್ ಅಧ್ಯಾಯವಾಗಿದ್ದರೆ ಚಿಂತೆ ಕಡಿಮೆ. ಬಹುತೇಕ ದೊಡ್ಡ ಪ್ರಕಾಶಕರು ಲೇಖಕರಿಗೆ ತಮ್ಮ ಥೀಸಿಸ್‌ನಲ್ಲಿ ಸೇರಿಸಲು ಬಿಡುತ್ತಾರೆ. ಆದರೂ ನಿಮ್ಮ ಜರ್ನಲ್‌ನ ನಿಯಮ ಓದಿಯೇ ಮುಂದುವರಿಯಿರಿ.

ನಡೀತದೆಬಿಡಿ

ಈಗ ಎಲ್ಲರೂ ಪೇಪರ್‌ಗಳನ್ನು ಎಐ ಚಾಟ್‌ಗೆ ಹಾಕಿ ಸಾರಾಂಶ ಕೇಳುತ್ತಿದ್ದಾರಲ್ಲ, ಅದೂ ತಪ್ಪಾ? ಹಾಗಾದರೆ ನಮ್ಮ ಲ್ಯಾಬ್ ಪೂರ್ತಿ ಒಳಗೆ!

ಕಪಾಟುಕೀಲಿ

ಇದಕ್ಕೆ ಒಂದೇ ಉತ್ತರ ಇಲ್ಲ. ಚಂದಾದ ಲೇಖನಗಳನ್ನು ಹೊರಗಿನ ಎಐ ಸೇವೆಗೆ ಏರಿಸಬಾರದು ಅಂತ ಒಪ್ಪಂದಗಳಲ್ಲಿ ಹೊಸ ಸಾಲುಗಳು ಬರುತ್ತಿವೆ. ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ ಅಂತ ನಿಮ್ಮ ಲೈಬ್ರರಿಯವರಿಗೇ ಗೊತ್ತಿರುತ್ತದೆ. ಲೆಕ್ಕಾಚಾರಕ್ಕೆ ಸಾಮೂಹಿಕವಾಗಿ ಪಠ್ಯ ಬೇಕಿದ್ದರೆ ದಾರಿಗಳಿವೆ. ಯುರೋಪಿನ 2019ರ ಕಾಪಿರೈಟ್ ನಿರ್ದೇಶನದ 3ನೇ ವಿಧಿ, ಸಂಶೋಧನಾ ಸಂಸ್ಥೆಗಳು ತಮಗೆ ಕಾನೂನುಬದ್ಧ ಪ್ರವೇಶ ಇರುವ ಪಠ್ಯವನ್ನು ಗಣಿಗಾರಿಕೆ (ಕಂಪ್ಯೂಟರ್‌ನಿಂದ ಸಾಮೂಹಿಕ ವಿಶ್ಲೇಷಣೆ) ಮಾಡಬಹುದು ಅನ್ನುತ್ತದೆ, ಒಪ್ಪಂದದಿಂದ ಅದನ್ನು ಕಿತ್ತುಕೊಳ್ಳುವಂತಿಲ್ಲ. ಬೇರೆ ಕಡೆ ಪ್ರಕಾಶಕರೇ ಎಪಿಐ (ಪ್ರೋಗ್ರಾಂ ಮೂಲಕ ಪಠ್ಯ ಪಡೆಯುವ ಅಧಿಕೃತ ದಾರಿ) ಕೊಡುತ್ತಾರೆ. ಮುಂಚೆ ಹೇಳಿದ ಸ್ಕ್ರಿಪ್ಟ್ ಕಥೆ ತಪ್ಪಿಸಲು ಅದೇ ಸರಿ.

ಹೊಸಲ್ಯಾಬು

ಇಷ್ಟು ಓದಿದ ಮೇಲೆ ಹೀಗೆ ಮಾಡೋಣ ಅಂತಿದ್ದೇನೆ. ಪೇಪರ್‌ಗಳಿಗೆ ಫೋಲ್ಡರ್ ಬದಲು ಜೊಟೆರೊ (ಪೇಪರ್ ಪಟ್ಟಿ ಹಂಚಿಕೊಳ್ಳುವ ತಂತ್ರಾಂಶ) ಗುಂಪು, ಬರೀ ವಿವರ ಮತ್ತು ಡಿಒಐ. ಯಾರು ಬೇಕಾದರೂ ಸೇರುವ ಸಾರ್ವಜನಿಕ ಗುಂಪಿನಲ್ಲಿ ಜೊಟೆರೊ ಫೈಲ್ ಹಂಚಲು ಬಿಡುವುದೇ ಇಲ್ಲ ಅಂತ ಈಗ ಗೊತ್ತಾಯಿತು. ಸಿಸಿ ಬೈ ಇರುವುದು, ನಮ್ಮದೇ ಪ್ರಿಪ್ರಿಂಟ್‌ಗಳು, ಲೈಸೆನ್ಸ್ ಹಾಕಿದ ಕೋಡ್, ಅನುಮತಿ ಪತ್ರದ ಜೊತೆ ಪ್ರಶ್ನಾವಳಿ ಇಷ್ಟು ಎಲ್ಲರಿಗೂ ಕಾಣುವ ಫೋಲ್ಡರ್‌ನಲ್ಲಿ. ಪುಸ್ತಕದ ಅಧ್ಯಾಯಕ್ಕೆ ಲೈಬ್ರರಿಯ ಇ-ಬುಕ್ ಲಿಂಕ್. ಹಿಂದಿನವರ ಥೀಸಿಸ್ ರೆಪಾಸಿಟರಿಯಲ್ಲೇ ಇದೆ, ಅದರ ಲಿಂಕ್ ಸಾಕು.

ಒಂದು ಉಳಿಯಿತು. ನಾವು ಪ್ರಯೋಗಕ್ಕೆ ಅನುಸರಿಸುವ ಒಂದು ಐಎಸ್‌ಒ ಮಾನದಂಡದ ಪಿಡಿಎಫ್ ಇದೆ. ಗೈಡ್ ಕೊಂಡದ್ದು. ಪ್ರತಿ ಪುಟದಲ್ಲೂ ಅವರ ಹೆಸರು ಅಚ್ಚಾಗಿದೆ. ಅದನ್ನು ಲ್ಯಾಬ್‌ನವರಿಗೆ ಮಾತ್ರ ಕಾಣುವ ಹಾಗೆ ಇಡಬಹುದಾ?

ಕಪಾಟುಕೀಲಿ

ಹೆಸರು ಅಚ್ಚಾಗಿದೆ ಅಂದರೆ ಅದು ಒಬ್ಬ ಬಳಕೆದಾರರ ಲೈಸೆನ್ಸ್. ಅವರ ಕಂಪ್ಯೂಟರ್‌ನಲ್ಲೇ ಇರಲಿ. ಫೋಲ್ಡರ್‌ನಲ್ಲಿ ಮಾನದಂಡದ ಸಂಖ್ಯೆ, ವರ್ಷ ಬರೆದಿಡಿ. ಅದನ್ನು ಅನುಸರಿಸಿ ಕೆಲಸ ಮಾಡುವ ಹಂತಗಳನ್ನು ನಿಮ್ಮದೇ ಮಾತಿನಲ್ಲಿ, ನಿಮ್ಮ ಉಪಕರಣಕ್ಕೆ ಹೊಂದಿಸಿ ಒಂದು ಪ್ರೊಟೊಕಾಲ್ ಬರೆದು ಹಾಕಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಎಲ್ಲರಿಗೂ ಮೂಲವೇ ಬೇಕು ಅಂತಿದ್ದರೆ ಎಷ್ಟು ಜನ ಬಳಸುತ್ತೀರಿ ಅಂತ ಲೆಕ್ಕ ಹಾಕಿ ನಿಮ್ಮ ಲೈಬ್ರರಿಗೆ ಬರೆಯಿರಿ, ಬಹುಬಳಕೆದಾರರ ಲೈಸೆನ್ಸ್‌ಗೆ ದರ ತರಿಸುತ್ತಾರೆ. ಕಂಪನಿಯವರನ್ನು ಆ ಲೆಕ್ಕದಲ್ಲಿ ಸೇರಿಸಬೇಡಿ, ಅವರದ್ದು ಅವರೇ ಕೊಳ್ಳಬೇಕು.